ಎರಡನೇ ಮುದ್ದೆ

ಯಲಿಯೂರಿನ ಪಟ್ಟಲಮ್ಮನ ಊಟವೆಂದರೆ ಊರಿಗೇ ಗೊತ್ತಿದ್ದ ಊಟ. ಮಧ್ಯಾಹ್ನಕ್ಕೆ ಎರಡು ಮುದ್ದೆ, ರಾತ್ರಿಗೆ ಎರಡು ಮುದ್ದೆ, ಮೇಲೆ ಒಂದು ಚೆಂಬು ಮಜ್ಜಿಗೆ. ಅರವತ್ತೆಂಟು ದಾಟಿದರೂ ಒಂದು ತುತ್ತು ಕಡಿಮೆಯಾದದ್ದಿಲ್ಲ. ಉಪ್ಪು ಹೆಚ್ಚು, ಹುಳಿ ಕಡಿಮೆ, ಮುದ್ದೆಯಲ್ಲಿ ಗಂಟು ಅಂತ ಸೊಸೆ ಇಂದ್ರಮ್ಮನ ಅಡುಗೆಗೆ ದಿನಾ ಒಂದು ಹೆಸರಿಡುವುದು, ಆಮೇಲೆ ತಟ್ಟೆಯನ್ನು ಬೆರಳಲ್ಲಿ ಬಳಿದು ನೆಕ್ಕುವುದು, ಎರಡೂ ಆಕೆಯ ಅಭ್ಯಾಸ. ಹದಿನೇಳು ವರ್ಷ ಇದನ್ನು ಕೇಳಿ ಕೇಳಿ, ಅತ್ತೆ ಹೆಸರಿಡದ ದಿನ ಸಾರು ನಿಜಕ್ಕೂ ಕೆಟ್ಟಿತೇನೋ ಅಂತ ಇಂದ್ರಮ್ಮನಿಗೆ ಅನುಮಾನ ಬರುತ್ತಿತ್ತು.

ಅಂಥ ಪಟ್ಟಲಮ್ಮ ಎಪ್ಪತ್ನಾಲ್ಕನೇ ಇಸವಿಯ ಕಾರ್ತಿಕದಲ್ಲಿ ಒಂದು ದಿನ ಬೆಳಗಿನ ಜಾವ ಚೆಂಬು ಹಿಡಿದು ರೈಲುಹಳಿ ಪಕ್ಕದ ಬಯಲಿಗೆ ಹೊರಟವಳು, ಕಬ್ಬಿನ ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಹಿರಿಯ ಮಗ ಶಿವಯ್ಯ ಗಾಡಿಗೆ ಹುಲ್ಲು ಹಾಸಿ ಮಂಡ್ಯದ ಆಸ್ಪತ್ರೆಗೆ ಸಾಗಿಸಿದ. ಆರು ವಾರ ಕಾಲಿಗೆ ಭಾರ ತೂಗುಬಿಟ್ಟು ಮಲಗಿಸಿದರು. ಎದುರು ಮನೆಯ ಶಿವನಂಜಮ್ಮ ನೋಡಲು ಹೋಗಿ, ಮಲಗಿದ್ದವಳ ಮುಂದೆಯೇ, “ಈ ವಯಸ್ನಲ್ಲಿ ಮೂಳೆ ಎಲ್ಲಿ ಕೂಡ್ತದೆ ಬುಡ್ರಪ್ಪ, ಮನೇಗ್ ಕರ್ಕೊಂಡೋಗಿ ಬಾಯಿಗ್ ನೀರು ಬುಡಿ” ಅಂದು ಬಂದಳು.

ಆದರೆ ಮೂಳೆ ಕೂಡಿತು. ಮನೆಗೆ ಕಳಿಸುವ ದಿನ ಡಾಕ್ಟರು ಶಿವಯ್ಯನನ್ನೂ ಇಂದ್ರಮ್ಮನನ್ನೂ ಪಕ್ಕಕ್ಕೆ ಕರೆದರು.

“ನೋಡಪ್ಪ, ವಯಸ್ಸು ಅನ್ನೋದು ಕಾಯಿಲೆ ಅಲ್ಲ. ಚಿಕ್ಕವರಿಗೆ ಏನೇನು ಮಾಡ್ತೀವೋ ಅದನ್ನೆಲ್ಲ ನಿಮ್ಮ ತಾಯಿಗೂ ಮಾಡಿದ್ದೀವಿ. ಮಿಕ್ಕದ್ದು ನಿಮ್ಮ ಮನೇಲಿದೆ. ಚೆನ್ನಾಗಿ ಊಟ ಕೊಡಿ, ನೀರು ಕುಡಿಸಿ, ದಿನಾ ಎಬ್ಬಿಸಿ ಕೂರಿಸಿ. ತಿಂಗಳು ಬಿಟ್ಟು ಕರ್ಕೊಂಡು ಬನ್ನಿ. ಮೈಯಲ್ಲಿ ಕಸುವಿದ್ರೆ ನಿಲ್ಲಿಸ್ತೀನಿ. ಕಸುವು ಇಲ್ದಿದ್ರೆ ಮತ್ತೆ ಏಳೋದು ಕಷ್ಟ.”

“ಊಟುದ್ ಇಚಾರ ಬುಡಿ ಸೋಮಿ,” ಅಂತ ಶಿವಯ್ಯ ನಕ್ಕ. “ನಮ್ಮವ್ವುಂಗೆ ಉಣ್ಣಾದ್ ಯಾರೂ ಏಳ್ಕೊಡ್ಬೇಕಿಲ್ಲ.”

ಮನೆಗೆ ಬಂದ ಮೂರನೇ ದಿನಕ್ಕೆ ಪಟ್ಟಲಮ್ಮನ ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಯಿತು. ಐದನೇ ದಿನಕ್ಕೆ ಮುಕ್ಕಾಲು ಉಳಿಯಿತು. ಎಂಟನೇ ದಿನ ನಿಂಬೆಹಣ್ಣಿನ ಗಾತ್ರದ್ದು ಮುರಿದುಕೊಂಡು, “ಸಾಕು, ತಕ್ಕೊಂಡೋಗು” ಅಂದಳು. ನೀರಂತೂ ತುಟಿ ನೆನೆಯುವಷ್ಟು.

“ಯಾಕತ್ತೆ? ಸಾರು ಸಂದಾಗಿಲ್ವಾ?”

“ಸಂದಾಗೈತೆ ಕಣವ್ವ. ಸೇರಾಕಿಲ್ಲ.”

ಸಂದಾಗೈತೆ! ಹದಿನೇಳು ವರ್ಷದಲ್ಲಿ ಆ ಮಾತು ಅತ್ತೆಯ ಬಾಯಿಂದ ಬಂದದ್ದು ಅದೇ ಮೊದಲು.

ಇಂದ್ರಮ್ಮನೂ ಸುಮ್ಮನೆ ಕೂರುವವಳಲ್ಲ. ಹುರುಳಿ ಬಸ್ಸಾರು ಮಾಡಿದಳು, ಅವರೆಕಾಯಿ ಸಾರು ಮಾಡಿದಳು, ಸೊಪ್ಪಿನ ಉಪ್ಸಾರಿಗೆ ಖಾರ ಅರೆದಳು, ಮೊಟ್ಟೆ ಇಡುತ್ತಿದ್ದ ಹೇಂಟೆಯನ್ನೇ ಕುಯ್ಯಿಸಿದಳು. ಮಕ್ಕಳಿಗೆ ಹಬ್ಬವಾಯಿತು. ಅತ್ತೆ ಮಾತ್ರ ಎರಡು ತುತ್ತು ನುಂಗಿ ಗೋಡೆಯ ಕಡೆ ತಿರುಗಿದಳು. ಶಿವನಂಜಮ್ಮನ ಮಾತು ಕೇಳಿ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೂ ಹಾಕಿದಳು. ಎಲ್ಲರೂ ಕೆಮ್ಮಿದ್ದೇ ಬಂತು.

ಚಾಕರಿ ಮಾತ್ರ ಅಷ್ಟೇನೂ ಭಾರವಾಗಿರಲಿಲ್ಲ. ನಡುಮನೆಯ ಮೂಲೆಗೆ ಹಳೇ ಸೀರೆಯ ಮರೆ ಕಟ್ಟಿ, ಒಂದು ಕಬ್ಬಿಣದ ಬಾಂಡ್ಲಿಗೆ ಬೂದಿ ಹಾಕಿ ಇಟ್ಟಿದ್ದಳು. ದಿನಕ್ಕೆ ಒಂದೇ ಸಲ, ಬೆಳಗಿನ ಜಾವ, ಯಾರೂ ಏಳುವ ಮೊದಲು ಅತ್ತೆಗೆ ಬೇಕಾಗುತ್ತಿದ್ದದ್ದು. ಇಂದ್ರಮ್ಮ ಬಾಂಡ್ಲಿ ಎತ್ತಿಕೊಂಡು ಹೋಗಿ ತಿಪ್ಪೆಗುಂಡಿಗೆ ಸುರಿದು, ಕೈಕಾಲು ತೊಳೆದು, ಒಲೆ ಹೊತ್ತಿಸುತ್ತಿದ್ದಳು. ಮಲಗಿದ ಜೀವ ಇಷ್ಟು ಕಡಿಮೆ ಕೆಲಸ ಕೊಡುತ್ತದಲ್ಲ, ಪುಣ್ಯಾತ್ಗಿತ್ತಿ ಅಂದುಕೊಳ್ಳುತ್ತಿದ್ದಳು.

ಎರಡನೇ ವಾರ ಮದ್ದೂರಿನಿಂದ ಮಗಳು ದೇವಿರಮ್ಮ ಬಂದಳು. ಕೈಯಲ್ಲಿ ಒಂದು ಪೊಟ್ಟಣ ವಡೆ, ಬಾಯಲ್ಲಿ ಒಂದು ಮೂಟೆ ಮಾತು. ಅವ್ವನ ಕೆನ್ನೆ ಮುಟ್ಟಿ ನೋಡಿದವಳೇ ಅಡುಗೆಮನೆಯ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅತ್ತಿಗೆ, ಆಸ್ಪತ್ರೇಲಿ ನಮ್ಮವ್ವ ಕೊಟ್ಟಿದ್ದನ್ನೆಲ್ಲ ಉಣ್ತಿದ್ಲು. ನಾನೇ ಕಣ್ಣಾರೆ ನೋಡಿವ್ನಿ. ನಿನ್ ಒಲೆ ಮುಂದಕ್ ಬಂದ್ಮೇಲೆ ಊಟ ಬುಟ್ಟವ್ಳೆ. ಏನರ್ಥ ಇದ್ಕೆ?”

“ಅರ್ಥ ನಂಗ್ ಗೊತ್ತಿದ್ರೆ ನಿನ್ನ ಯಾಕ್ ಕರೆಸ್ತಿದ್ದೆ?”

“ಊರ್ನಲ್ಲಿ ಏನಂತಾವ್ರೆ ಗೊತ್ತಾ? ಸೊಸೆ ಉಪಾಸ ಕೆಡವವ್ಳೆ ಅಂತಾವ್ರೆ.”

ಇಂದ್ರಮ್ಮ ಕೈಯಲ್ಲಿದ್ದ ಮುದ್ದೆ ಕೋಲನ್ನು ದೇವಿರಮ್ಮನ ಕೈಗೆ ತುರುಕಿದಳು. “ತಕ್ಕೊ. ಇಟ್ಟು ಅಲ್ಲೈತೆ, ಒಲೆ ಇಲ್ಲೈತೆ, ನಿಮ್ಮವ್ವ ಒಳಗವ್ಳೆ. ಒಂದು ವಾರ ನೀನೇ ಉಣ್ಸು. ನಾನು ಬಾಗ್ಲಲ್ ಕುಂತ್ಕೊಂಡ್ ನೋಡ್ತೀನಿ.”

ದೇವಿರಮ್ಮ ಸೆರಗು ಬಿಗಿದು ನಿಂತಳು. ಆ ವಾರ ಮನೆಯಲ್ಲಿ ಒಬ್ಬಟ್ಟಾಯಿತು, ಶಾವಿಗೆಯಾಯಿತು, ಕೈಮ ಉಂಡೆ ಸಾರಾಯಿತು. ಪಟ್ಟಲಮ್ಮ ಮಗಳ ಕೈಯಡುಗೆಯನ್ನೂ ಎರಡೇ ತುತ್ತಿಗೆ ಮುಗಿಸಿ, “ಸಂದಾಗೈತೆ ಕಣವ್ವ” ಅಂದಳು. ಏಳನೇ ದಿನ ದೇವಿರಮ್ಮ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಗೊಳೋ ಅಂತ ಅತ್ತಳು. ಇಂದ್ರಮ್ಮ ಪಕ್ಕದಲ್ಲಿ ಕೂತಳು. ಗೆದ್ದೆ ಅಂತ ಹಿಗ್ಗಬೇಕಿತ್ತು. ಹಿಗ್ಗಲಾರದೆ ಅವಳಿಗೂ ಅಳು ಬಂತು.

ಆ ದಿನ ಉಣ್ಣುವಾಗ ಶಿವಯ್ಯನೇ ಮಾತೆತ್ತಿದ. “ಮುದ್ದನ ಮನೇಗ್ ಕಳ್ಸುವ. ಬ್ಲಫ್‌ನಲ್ಲಿ ಕ್ವಾಟ್ರಸೈತೆ, ಆಸ್ಪತ್ರೆ ಪಕ್ದಲ್ಲೇ ಐತೆ. ಇಲ್ಲಿ ಬ್ಯಾಸರಾಗಿರ್ಬೋದು.”

ಮುದ್ದಯ್ಯ ಅವನ ತಮ್ಮ. ಬ್ಲಫ್ ಅಂತ ಕರೆಯುವ ಶಿವನಸಮುದ್ರದ ಕರೆಂಟು ತಯಾರಿಸುವ ಸ್ಟೇಷನ್ನಿನ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದ.

“ಗದ್ದೆಗ್ ನೀರು ಕಟ್ಬೇಕು, ನಂಗ್ ಬುಡುವಿಲ್ಲ. ಕಾಗ್ದ ಬರ್ದಿವ್ನಿ, ನೀನೋಗಿ ಕೇಳ್ಕೊಂಡ್ ಬಾ,” ಅಂತ ಶಿವಯ್ಯ ಹೆಂಡತಿಗೆ ಹೇಳಿದ.

ಹದಿನೇಳು ವರ್ಷ ಉಣ್ಣಿಸಿದ ಅತ್ತೆಯನ್ನು ಕೊನೆಗೆ ಸಾಗಹಾಕಿದಳು ಅನ್ನಿಸಿಕೊಳ್ಳಬೇಕಲ್ಲ ಅಂತ ಇಂದ್ರಮ್ಮ ಗೊಣಗಿದಳು. ಆದರೂ ಹೊರಟಳು. ಡಾಕ್ಟರು ಹೇಳಿದ ತಿಂಗಳಲ್ಲಿ ಉಳಿದದ್ದು ಹನ್ನೆರಡೇ ದಿನ.

ದೇವಿರಮ್ಮನ ಜೊತೆ ಮುಂಜಾನೆಯ ರೈಲಿನಲ್ಲಿ ಮದ್ದೂರಿಗೆ ಹೋಗಿ, ಅವಳನ್ನು ಅಲ್ಲಿ ಬಿಟ್ಟು, ಮಳವಳ್ಳಿ ಬಸ್ಸು ಹತ್ತಿದಳು. ಬಸ್ಸು ಕಬ್ಬಿನ ಗಾಡಿಗಳ ಹಿಂದೆ ನಿಂತು ನಿಂತು ಮಳವಳ್ಳಿ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಬ್ಲಫ್ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಬಸ್ ಸ್ಟ್ಯಾಂಡಿನ ಹುಣಸೆಮರದ ಕೆಳಗೆ ಒಬ್ಬ ಹೆಂಗಸು ಮಡಕೆಯಲ್ಲಿ ಮಜ್ಜಿಗೆ ಇಟ್ಟುಕೊಂಡಿದ್ದಳು. ಕರಿಬೇವು, ಹಸಿಶುಂಠಿ ಹಾಕಿದ ಮಜ್ಜಿಗೆ.

“ಬಾರವ್ವ, ಒಂದ್ ಲೋಟ ಕುಡಿ. ತುಟಿ ಒಣ್ಗೋಗೈತೆ.”

“ಬ್ಯಾಡ ಕಣವ್ವ, ಸೇರಾಕಿಲ್ಲ,” ಅಂದಳು ಇಂದ್ರಮ್ಮ.

ಅಂದವಳು ಹಾಗೇ ನಿಂತುಬಿಟ್ಟಳು. ಸೇರಾಕಿಲ್ಲವೆ? ಗಂಟಲು ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಮಡಕೆಗೆ ಮಡಕೆಯನ್ನೇ ಎತ್ತಿ ಕುಡಿಯಬೇಕು ಅನ್ನಿಸುತ್ತಿತ್ತು. ಬೆಳಗಿನಿಂದ ಒಂದು ತೊಟ್ಟು ನೀರೂ ಮುಟ್ಟದೆ ಬಂದಿದ್ದಳು. ಕುಡಿದರೆ ಎಲ್ಲಿಗೆ ಹೋಗುವುದು? ಸ್ಟ್ಯಾಂಡಿನ ತುಂಬ ಗಂಡಸರು. ಗಂಡಸರಾದರೆ ಯಾವುದಾದರೂ ಗೋಡೆಯ ಕಡೆ ತಿರುಗುತ್ತಾರೆ, ಮುಗಿಯಿತು. ಬಸ್ಸು ಹತ್ತುವ ದಿನ ಹೆಂಗಸು ಬಾಯಿ ಕಟ್ಟಿಕೊಂಡು ಹೊರಡಬೇಕು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಎಲ್ಲ ಹೆಂಗಸರಂತೆ ತಾನೇ ಕಲಿತಿದ್ದಳು.

ಅಯ್ಯೋ ನನ್ನವ್ವ, ಅಂತ ಇಂದ್ರಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಮದುವೆಯಾಗಿ ಯಲಿಯೂರಿಗೆ ಬಂದ ಮೊದಲ ದಿನ ಹಾಗೇ ಆಗಿತ್ತು. ಹೊಸ ಊರು, ಸುತ್ತ ಬಟಾಬಯಲು, ಹೆಂಗಸರು ಯಾವ ಕಡೆ ಹೋಗುತ್ತಾರೋ ತಿಳಿಯದು, ಕೇಳಲು ನಾಚಿಕೆ. ಬೆಳಗಿನಿಂದ ಪಾಯಸ ಬೇಡ, ನೀರು ಬೇಡ ಅಂದಳು. ಹೊಸ ಸೊಸೆಗೆ ಬಲೇ ಜಂಬ ಅಂತ ನೆಂಟರೆಲ್ಲ ಗುಸುಗುಸು ಅಂದರು. ಸೂರ್ಯ ಮುಳುಗುತ್ತಿದ್ದ ಹಾಗೇ ಪಟ್ಟಲಮ್ಮ ಬಂದು, ಏನೂ ಕೇಳದೆ, ಕೈಗೊಂದು ಚೆಂಬು ಕೊಟ್ಟು, “ಬಾ ಮಗ, ನಮ್ಮೂರ್ ಬಯಲು ತೋರಿಸ್ತೀನಿ. ರೈಲು ಬತ್ತದೆ, ಬಂದಾಗ ಎದ್ದು ನಿಂತ್ಕೊಬುಡ್ಬೇಕು, ಮರೀಬ್ಯಾಡ” ಅಂದಿದ್ದಳು. ರೈಲು ಬಂತು, ಇಬ್ಬರೂ ಎದ್ದು ನಿಂತರು, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮನೆಗೆ ಬಂದು ಇಂದ್ರಮ್ಮ ಎರಡು ಮುದ್ದೆ ಉಂಡಿದ್ದಳು. ತನ್ನ ಹಸಿವನ್ನು ಅತ್ತೆ ಅರ್ಧ ದಿನದಲ್ಲಿ ಕಂಡುಹಿಡಿದಿದ್ದಳು. ಅತ್ತೆಯದ್ದನ್ನು ಕಂಡುಹಿಡಿಯಲು ತನಗೆ ಮೂರು ವಾರ ಬೇಕಾಯಿತೇ!

“ಕೊಡವ್ವ,” ಅಂತ ಎರಡು ಲೋಟ ಮಜ್ಜಿಗೆ ಗಟಗಟ ಕುಡಿದಳು. “ಈಗ ಏಳು, ಈ ಊರ್ನಲ್ಲಿ ಎಂಗಸ್ರು ಎಲ್ಲಿಗ್ ಓಗ್ತಾರೆ?” ಮಜ್ಜಿಗೆಯವಳು ನಕ್ಕು, ತನ್ನ ಅಂಗಡಿಯನ್ನು ಪಕ್ಕದವಳಿಗೆ ಒಪ್ಪಿಸಿ, ತಾನೇ ಕರೆದುಕೊಂಡು ಹೋದಳು.

ಬ್ಲಫ್‌ಗೆ ಹೋಗಿ ಸೇರಿದ್ದೇ ತಡ, ಮುದ್ದಯ್ಯ ಬಾಗಿಲಲ್ಲೇ ಮುಖ ಸಣ್ಣ ಮಾಡಿಕೊಂಡು ನಿಂತ. “ಅವ್ವನ ಕರ್ಕೊಂಡ್ಬನ್ನಿ ಅತ್ತಿಗೆ, ನಾನೇನ್ ಬ್ಯಾಡ ಅನ್ನಾಕಿಲ್ಲ. ಅಣ್ಣ ಕಾಗ್ದ ಬರ್ದಿದ್ದ.”

“ಅವ್ವನ ಯಾರ್ ಕಳಿಸ್ತಾರೆ? ಅವಳು ನನ್ ಅತ್ತೆ, ನನ್ ಮನೇಲೇ ಇರ್ತಾಳೆ. ನಂಗ್ ಬೇಕಾಗಿರಾದು ಒಂದು ಕುರ್ಚಿ.”

“ಕುರ್ಚಿನಾ?”

“ನಡೂಕ್ ತೂತಿರೋ ಕುರ್ಚಿ. ಎರಡ್ ಕಡೀಗೂ ಕೈ ಇರ್ಬೇಕು. ಆಮೇಲೆ ನಿಮ್ ಕ್ವಾಟ್ರಸ್ ಇತ್ತಲಲ್ ಐತಲ್ಲ, ಅಂತಾ ಒಂದ್ ಗುಂಡಿ ಯಂಗ್ ತೋಡಾದು, ಅದುನ್ನೂ ಏಳು.”

ಮುದ್ದಯ್ಯ ಅತ್ತಿಗೆಯ ಮುಖವನ್ನೇ ನೋಡಿದ. ಇಂದ್ರಮ್ಮ ವಿಷಯ ಹೇಳಿದಳು. ಕೇಳಿದವನೇ ಒಳಗೆ ಹೋಗಿ ಮಗುವಿನ ಸ್ಲೇಟು ಬಳಪ ತಂದು, “ಗುಂಡಿ ಐದಡಿ ಅತ್ತಿಗೆ, ಮೇಲೆ ಚಪ್ಡಿ, ಚಪ್ಡೀಲಿ ತೂತು. ಯಾರೂ ಏನೂ ಎತ್ತಂಗಿಲ್ಲ” ಅಂತ ಗೀಚಿ ತೋರಿಸತೊಡಗಿದ.

ಮಾರನೆಯ ದಿನ ಊರಿಗೆ ಮರಳಿದ ಇಂದ್ರಮ್ಮ ನೇರ ಅತ್ತೆಯ ಚಾಪೆಗೆ ಹೋಗಿ ಒಂದು ಚೆಂಬು ನೀರು ಇಟ್ಟಳು.

“ಕುಡಿ.”

“ಬ್ಯಾಡ ಕಣವ್ವ.”

“ಗೊತ್ತಾಯ್ತು ಕಣತ್ತೆ. ಎಲ್ಲ ಗೊತ್ತಾಯ್ತು. ಮೊದಲ್ನೇ ದಿನ ನಂಗೆ ಚೆಂಬು ಕೊಟ್ಯಲ್ಲ, ಗ್ಯಪ್ತಿ ಐತಾ?”

ಪಟ್ಟಲಮ್ಮ ಸೂರಿನ ಕಡೆ ಮುಖ ತಿರುಗಿಸಿದಳು. ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಗೆ ಹೋಯಿತು.

“ಒತ್ತಾರೆ ಎದ್ದು ಆ ಬಾಂಡ್ಲಿ ಎತ್ಕೊಂಡೋಗ್ತೀಯೆ. ಬಂದು ಅದೇ ಕೈಲಿ ನಂಗ್ ಮುದ್ದೆ ಕಟ್ತೀಯೆ. ಯಂಗ್ ಮಗ ಉಣ್ಣಾದು? ಒಂದ್ ತುತ್ತು ಎಚ್ಗೆ ಉಂಡ್ರೆ ನಿಂಗೆ ಇನ್ನೊಂದ್ ಸಲ ಎತ್ತಾದು.”

“ಆಸ್ಪತ್ರೇಲಿ ಉಣ್ತಿದ್ಯಲ್ಲ?”

“ಅಲ್ಲಿ ಆಯಾ ಸಾಲಾಗ್ ಎಲ್ಲಾರ್ಗೂ ಬೇಸನ್ ಇಕ್ಕಿ ಎತ್ಕೊಂಡ್ ಓಗೋಳು. ನಾ ಯಾರ್ನೂ ಕರೀಬೇಕಾಗಿರ್ನಿಲ್ಲ. ಅವಳೇನ್ ನಂಗ್ ಮುದ್ದೆ ಕಟ್ತಿದ್ಲಾ?”

ಇಂದ್ರಮ್ಮನಿಗೆ ಅತ್ತೆಯ ಮೇಲೆ ಸಿಟ್ಟೂ ಬಂತು, ಮುದ್ದೂ ಬಂತು. “ಎಂಟು ದಿನ ಟೇಮು ಕೊಡು ನಂಗೆ. ಬಾಂಡ್ಲೀನ ಗಾರೆ ಕೆಲಸದೋರ್ಗೆ ಕೊಟ್ಬುಡ್ತೀನಿ. ಅಲ್ಲೀಗಂಟ ದಿನಾ ಒಂದ್ ಮುದ್ದೆ ಉಣ್ಬೇಕು.”

“ಅರ್ಧ,” ಅಂದಳು ಪಟ್ಟಲಮ್ಮ.

“ಮುಕ್ಕಾಲು.”

“ಊಂ.”

ಈಗ ಉಳಿದವನು ಶಿವಯ್ಯ. ಹಿತ್ತಲಲ್ಲಿ ಗುಂಡಿ ಅಂದ ಕೂಡಲೇ ಹಾರಿಬಿದ್ದ. “ಉಣ್ಣೋ ಮನೆ ಮಗ್ಗುಲಲ್ಲಿ ಅದಾ? ಊರ್ನಲ್ಲಿ ಯಾರ್ ಮನೇಲೈತೆ? ಎಲ್ರೂ ಬಯಲ್ಗೇ ತಾನೆ ಓಗಾದು!”

“ದನುಕ್ ಕೊಟ್ಗೆ ಕಟ್ಟಿದ್ದೀಯೆ. ಎತ್ತವ್ವುಂಗೆ ಏನ್ ಕಟ್ಟಿದ್ದೀಯೆ?”

“ಅದು ಬ್ಯಾರೆ, ಇದು ಬ್ಯಾರೆ.”

“ಸರಿ. ನಾಳೆ ಒತ್ತಾರಿಂದ ಸಂಜೆ ಗಂಟ ನೀನು ಜಗುಲಿ ಮೇಲೆ ಕುಂತ್ಕೊ. ನಾ ಕೊಟ್ಟಿದ್ದೆಲ್ಲ ಉಣ್ಬೇಕು, ಕುಡೀಬೇಕು. ಎದ್ದೋಗಂಗಿಲ್ಲ. ಬೇಕಾದ್ರೆ ನನ್ ಕೂಗು, ಬಾಂಡ್ಲಿ ತಂದ್ಕೊಡ್ತೀನಿ. ಗೆದ್ರೆ ಗುಂಡಿ ಮಾತೆತ್ತಾಕಿಲ್ಲ.”

“ಓಹೋ, ಅದೇನ್ ಮಹಾ!” ಅಂದ ಶಿವಯ್ಯ.

ಕೋಳಿ ಕೂಗುವ ಹೊತ್ತಿಗೇ ಅವನನ್ನು ಜಗುಲಿಗೆ ಕೂರಿಸಿದಳು. ಒಂದು ಚೆಂಬು ಅಂಬಲಿ ಕೊಟ್ಟಳು. ಮೇಲೆ ಬೆಲ್ಲದ ಕಾಫಿ, ಅದರ ಮೇಲೆ ಮಜ್ಜಿಗೆ. ದಾರಿಯಲ್ಲಿ ಹೋಗುವವರೆಲ್ಲ, “ಏನ್ ಶಿವಣ್ಣ, ಗದ್ದೆಗ್ ಓಗ್ನಿಲ್ವಾ?” ಅಂತ ಕೇಳಿದರು. ಎಂಟು ಗಂಟೆಗೆ ಶಿವಯ್ಯ ಕಾಲ ಮೇಲೆ ಕಾಲು ಹಾಕಿದ. ಎಂಟೂವರೆಗೆ ಕಾಲು ಬದಲಾಯಿಸಿದ. ಒಂಬತ್ತಕ್ಕೆ ಇಂದ್ರಮ್ಮ ಕಬ್ಬಿನ ಹಾಲು ತಂದಳು.

“ಬ್ಯಾಡ ಕಣೇ.”

“ಯಾಕೆ, ಸೇರಾಕಿಲ್ವಾ?”

ಒಂಬತ್ತೂಕಾಲಿಗೆ ಅವಳು ಆ ಬಾಂಡ್ಲಿಯನ್ನು ತಂದು ಎಲ್ಲರ ಕಣ್ಣಿಗೆ ಬೀಳುವಂತೆ ಜಗುಲಿಯ ಪಕ್ಕದಲ್ಲಿಟ್ಟು, “ಇಲ್ಲೇ ಐತೆ, ನಾಚ್ಕೊಬ್ಯಾಡ” ಅಂದಳು. ಶಿವಯ್ಯ ಪಂಚೆ ಎತ್ತಿ ಕಟ್ಟಿ, ಅಂಗಳ ಹಾರಿ, ರೈಲುಹಳಿಯ ಕಡೆ ಓಡಿದ. ಒಳಗಿನಿಂದ ಖೊಳ್ಳಂತ ಒಂದು ನಗು ಕೇಳಿತು. ಇಂದ್ರಮ್ಮ ತಿರುಗಿ ನೋಡಿದರೆ ಪಟ್ಟಲಮ್ಮ ಮೊಣಕೈ ಊರಿ ತಾನಾಗಿ ತಲೆ ಎತ್ತಿ ಬಾಗಿಲ ಕಡೆ ನೋಡುತ್ತಿದ್ದಳು. ಬಿದ್ದ ಮೇಲೆ ಆಕೆ ನಕ್ಕದ್ದು ಅದೇ ಮೊದಲು.

ಹಿಂದಿರುಗಿ ಬಂದ ಶಿವಯ್ಯ ಯಾರ ಮುಖವನ್ನೂ ನೋಡಲಿಲ್ಲ. ಗುದ್ದಲಿ ತೆಗೆದುಕೊಂಡು ಹಿತ್ತಲಿಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಗುಂಡಿಯಲ್ಲಿ ಸೊಂಟದವರೆಗೆ ಇಳಿದಿದ್ದ.

ಭಾನುವಾರ ಮುದ್ದಯ್ಯ ಬಸ್ಸಿನ ಟಾಪಿನ ಮೇಲೆ ಕುರ್ಚಿ ಹೇರಿಕೊಂಡು ಬಂದ. ಕಬ್ಬಿಣದ ಪೈಪಿನ ಕಾಲು, ಬೀಟೆ ಹಲಗೆಯ ಕೂರುಮಣೆ, ನಡುವೆ ನಯವಾಗಿ ಉಜ್ಜಿದ ತೂತು, ಕೆಳಗೆ ಹಳೇ ತಳ್ಳುಗಾಡಿಯ ನಾಲ್ಕು ಗಾಲಿ. “ಸಾಹೇಬ್ರನ್ನ ಕೇಳ್ಕೊಂಡೇ ತಂದಿವ್ನಿ,” ಅಂದ. “ಕಂಡಕ್ಟ್ರು, ಏನ್ರೀ ಕುರ್ಚಿ ತೂತಾಗೈತಲ್ಲ ಅಂದ. ನಮ್ಮವ್ವನ ಸಿಂಹಾಸನ ಕಣ್ರೀ, ಉಷಾರಾಗಿ ಎತ್ತಿ ಅಂದೆ.”

ಸೋಗೆಯ ಮರೆ ಕಟ್ಟಿ, ಚಪ್ಪಡಿ ಕೂರಿಸಿ, ಇಬ್ಬರು ಮಕ್ಕಳೂ ಸೇರಿ ಅವ್ವನನ್ನು ಕುರ್ಚಿಗೆ ಕೂರಿಸಿದರು. ಇಂದ್ರಮ್ಮ ತಳ್ಳಿದಳು. ಗಾಲಿಗಳು ಅಂಗಳದ ಉದ್ದಕ್ಕೂ ಕಿರ್ರೋ ಅಂತ ಕೂಗಿದವು.

“ಲೋ ಮುದ್ದ,” ಅಂತ ಪಟ್ಟಲಮ್ಮ ಚೀರಿದಳು. “ನಾ ಎಲ್ಲಿಗ್ ಓಯ್ತಿವ್ನಿ ಅಂತ ಊರ್ಗೆಲ್ಲ ಡಂಗೂರ ಒಡೀತದಲ್ಲೋ! ಅರಳೆಣ್ಣೆ ಬುಡ್ಲಾ!”

ಎಣ್ಣೆ ಬಿಟ್ಟರು. ಇಂದ್ರಮ್ಮ ಮರೆಯೊಳಗೆ ತಳ್ಳಿ, ಕುರ್ಚಿಯನ್ನು ತೂತಿನ ಮೇಲೆ ನಿಲ್ಲಿಸಿ, ತಟ್ಟಿ ಎಳೆದುಕೊಂಡು ಈಚೆ ಬಂದಳು. ಒಳಗೆ ಪಟ್ಟಲಮ್ಮ, ಒಬ್ಬಳೇ, ಯಾರ ಹಂಗೂ ಇಲ್ಲದೆ. ಎಷ್ಟು ಹೊತ್ತಾದರೂ ಕರೆಯಲಿಲ್ಲ. ಹೆದರಿ ಕೂಗಿದರೆ, “ಇರು ಅಮ್ಮಿ, ಏನವಸರ, ತಣ್ಗೈತೆ” ಅಂದಳು.

ಬೀದಿಯ ಮುದುಕಿಯರೆಲ್ಲ ನೋಡಲು ಬಂದರು. ಮೊದಲು ಮೂಗಿನ ಮೇಲೆ ಬೆರಳಿಟ್ಟರು, ಆಮೇಲೆ ಒಬ್ಬೊಬ್ಬರಾಗಿ ಕೂತು ನೋಡಿದರು. ಬಾಯಿಗೆ ನೀರು ಬಿಡಿ ಅಂದಿದ್ದ ಶಿವನಂಜಮ್ಮ ಕೂತವಳು ಏಳಲೇ ಇಲ್ಲ. “ನನ್ ಮಂಡಿ ಮೂರು ವರ್ಸದಿಂದ ಮಡಿಸಾಕಾಗ್ದು ಕಣಕ್ಕ. ನಾನೂ ರಾತ್ರಿ ಊಟ ಬುಟ್ಟಿವ್ನಿ, ಯಾರ್ಗೂ ಏಳಿಲ್ಲ” ಅಂದಳು ಮೆಲ್ಲಗೆ. ಪಟ್ಟಲಮ್ಮ ಗದರಿದಳು. “ಏಳ್ದೆ ಇದ್ರೆ ಯಂಗೆ? ಬಾಯಿ ಇಲ್ವಾ? ಮಗನ್ಗೆ ಏಳು, ನಮ್ ಮುದ್ದ ಅಳತೆ ಕೊಡ್ತಾನೆ.”

ತಿಂಗಳು ತುಂಬಿದ ದಿನ ಮಂಡ್ಯದಲ್ಲಿ ಡಾಕ್ಟರು ಅವಳ ತೋಳು ಹಿಡಿದು ನಿಲ್ಲಿಸಿದರು. ಪಟ್ಟಲಮ್ಮ ನಿಂತಳು. ಹತ್ತು ಎಣಿಸುವವರೆಗೆ ನಿಂತು ಧೊಪ್ಪನೆ ಕೂತಳು. “ಕಸುವು ಬರ್ತಾ ಇದೆ, ಇನ್ನೂ ಬರಬೇಕು,” ಅಂದರು ಡಾಕ್ಟರು. “ದಿನಾ ಏನಾದರೂ ಹಿಡಿದುಕೊಂಡು ನಿಲ್ಲಿಸಿ.” ಹಿಡಿದುಕೊಳ್ಳಲು ಕುರ್ಚಿಯೇ ಇತ್ತು. ಮೊದಲು ಅದರ ಬೆನ್ನು ಹಿಡಿದು ನಿಂತಳು, ಆಮೇಲೆ ಅದನ್ನು ಒಂದು ಗೇಣು ತಳ್ಳಿದಳು, ಆಮೇಲೆ ಒಂದು ಮಾರು. ಇಂದ್ರಮ್ಮ ಹಿಂದೆ ಹಿಂದೆ ಕೈ ಚಾಚಿಕೊಂಡು ನಡೆದಳು.

ಶಿವರಾತ್ರಿ ಕಳೆದು ನಾಲ್ಕು ದಿನಕ್ಕೆ, ಮಧ್ಯಾಹ್ನ, ಇಂದ್ರಮ್ಮ ಮುದ್ದೆ ತೊಳಸುತ್ತಿದ್ದಾಗ ಅಂಗಳದಲ್ಲಿ ಗಾಲಿಯ ಸದ್ದಾಯಿತು. ಎದ್ದು ನೋಡಿದರೆ ಚಾಪೆ ಖಾಲಿ. ಪಟ್ಟಲಮ್ಮ ಬರಿದಾದ ಕುರ್ಚಿಯನ್ನು ಮುಂದೆ ತಳ್ಳಿಕೊಂಡು ಹಿತ್ತಲ ಕಡೆ ನಡೆಯುತ್ತಿದ್ದಳು. ಕೂಗಬೇಕೆಂದು ಬಾಯಿ ತೆರೆದ ಇಂದ್ರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಬಾಗಿಲಲ್ಲೇ ನಿಂತಳು. ಅತ್ತೆ ಒಬ್ಬಳೇ ಹೋದಳು, ಒಬ್ಬಳೇ ಬಂದಳು, ತೊಟ್ಟಿಯಲ್ಲಿ ತಾನೇ ಕೈ ತೊಳೆದಳು, ಗೋಡೆಗೊರಗಿ ಮಣೆಯ ಮೇಲೆ ಕೂತಳು.

ಇಂದ್ರಮ್ಮ ಮಾತಾಡದೆ ತಟ್ಟೆ ಇಟ್ಟಳು. ಒಂದು ಮುದ್ದೆ, ಹುರುಳಿ ಬಸ್ಸಾರು. ಪಟ್ಟಲಮ್ಮ ಮುರಿದಳು, ಅದ್ದಿದಳು, ನುಂಗಿದಳು. ಶಿವಯ್ಯ ತನ್ನ ತಟ್ಟೆ ಮರೆತು ಅವ್ವನನ್ನೇ ನೋಡುತ್ತಿದ್ದ. ತಟ್ಟೆ ಖಾಲಿಯಾಯಿತು. ಪಟ್ಟಲಮ್ಮ ಬೆರಳಲ್ಲಿ ಬಳಿದು ನೆಕ್ಕಿದಳು. ಆಮೇಲೆ ತಲೆ ಎತ್ತಿದಳು.

“ಇದೇನಮ್ಮಿ, ಕೋಳಿಮೊಟ್ಟೆ ಗಾತ್ರ ಕಟ್ಟಿದ್ದೀಯೆ? ಉಪ್ಪಿಲ್ಲ, ಉಳಿ ಇಲ್ಲ, ನಿಮ್ಮವ್ವ ಏನ್ ಕಲ್ಸಿದ್ಲು ನಿಂಗೆ? ಇನ್ನೊಂದ್ ಆಕು.”

ಪಾತ್ರೆಯಲ್ಲಿ ಉಳಿದಿದ್ದದ್ದು ಒಂದೇ ಮುದ್ದೆ, ಇಂದ್ರಮ್ಮನದ್ದು. ಅವಳು ಅದನ್ನು ತಂದು ಅತ್ತೆಯ ತಟ್ಟೆಗೆ ಹಾಕಿದಳು. ಕಣ್ಣು ಒರೆಸಿಕೊಂಡು ನಗುತ್ತಾ ಅಡುಗೆಮನೆಗೆ ಹೋಗಿ, ಒಲೆಗೆ ಎರಡು ಸೌದೆ ಮುಂದೆ ನೂಕಿ, ತನಗೆ ಮತ್ತೆ ಎಸರಿಟ್ಟಳು.